ಓದುಗರ ಪ್ರಶ್ನೆ: ಹರಾಜಿನ ಸ್ಪ್ಯಾನಿಷ್ ಕಲಿಯೋದು ಹೇಗೆ? ಯಾವ ಪದ ಎಲ್ಲಿ ನಡೆಯುತ್ತದೆ?

ಪ್ರಶ್ನೆ: ಎಲೆಕ್ಟ್ರಾನಿಕ್ ಸಿಟಿಯ ಒಂದು ಕಂಪನಿಯಲ್ಲಿ ಖರೀದಿ ವಿಭಾಗದಲ್ಲಿದ್ದೇನೆ. ಸ್ಪ್ಯಾನಿಷ್‌ನಲ್ಲಿ ಮಾತುಕತೆ ನಡೆಸುವಷ್ಟು ಕಲಿತಿದ್ದೇನೆ. ಈಗ ಸ್ಪೇನ್, ಚಿಲಿ, ಮೆಕ್ಸಿಕೊ ಕಡೆಯ ಹರಾಜು ಮತ್ತು ಟೆಂಡರ್ ಕಾಗದಗಳು ನನ್ನ ಹತ್ತಿರ ಬರುತ್ತಿವೆ. ಸುಬಾಸ್ತಾ, ರೆಮಾತೆ, ಪುಹಾ, ಪೊಸ್ತುರಾ, ಲಿಸಿತಸಿಯೋನ್ ಅಂತೆಲ್ಲ ಇರುತ್ತದೆ. ನಿಘಂಟು ತೆರೆದರೆ ಎಲ್ಲದಕ್ಕೂ ಹರಾಜು ಅಥವಾ ಬಿಡ್ ಅಂತಲೇ ಅರ್ಥ ಕೊಟ್ಟಿದೆ. ಎಲ್ಲಿಂದ ಶುರು ಮಾಡಲಿ?

ಉತ್ತರ: ಈ ಪ್ರಶ್ನೆ ಒಂದಲ್ಲ ಒಂದು ರೂಪದಲ್ಲಿ ಬರುತ್ತಲೇ ಇರುತ್ತದೆ. ಬೆಂಗಳೂರಿನಲ್ಲಿ ಕೂತು ಲ್ಯಾಟಿನ್ ಅಮೆರಿಕದ ಗ್ರಾಹಕರ ಕೆಲಸ ನೋಡುವವರು ಈಗ ಜಾಸ್ತಿ ಆಗಿದ್ದಾರೆ, ಆದರೆ ತರಗತಿಯಲ್ಲಿ ಹೋಟೆಲು, ವಿಮಾನ ನಿಲ್ದಾಣ, ಕುಟುಂಬ ಇಷ್ಟರ ಪದಗಳೇ ಸಿಗುತ್ತವೆ. ಹಾಗಾಗಿ ನೇರವಾಗಿ ಹೇಳುತ್ತೇನೆ. ಪಟ್ಟಿ ಹಿಡಿದು ಉರು ಹೊಡೆಯಬೇಡಿ. ಕಾಗದ ಕೈಗೆ ಬಂದ ಕೂಡಲೇ ಎರಡು ವಿಷಯ ನೋಡಿ. ಒಂದು, ಅದು ಯಾವ ದೇಶದ್ದು. ಇನ್ನೊಂದು, ಕರೆದವರು ಏನನ್ನಾದರೂ ಮಾರುತ್ತಿದ್ದಾರಾ ಅಥವಾ ಕೊಳ್ಳುತ್ತಿದ್ದಾರಾ. ಈ ಎರಡು ಗೊತ್ತಾದರೆ ನಿಮ್ಮ ಪಟ್ಟಿಯ ಗೊಂದಲ ಮುಕ್ಕಾಲು ಪಾಲು ಕರಗುತ್ತದೆ.

ಎರಡನೆಯದನ್ನೇ ಮೊದಲು ನೋಡೋಣ. ಮನೆ, ಕಾರು, ಚಿತ್ರ, ದನ ಹೀಗೆ ಇರುವ ವಸ್ತುವನ್ನು ಜಾಸ್ತಿ ಕೊಟ್ಟವರಿಗೆ ಮಾರುವುದಾದರೆ ಅದು ಸುಬಾಸ್ತಾ. ಸರ್ಕಾರವೋ ಕಂಪನಿಯೋ ರಸ್ತೆ ಮಾಡಿಸಬೇಕು, ಕಂಪ್ಯೂಟರ್ ಕೊಳ್ಳಬೇಕು, ಯಾರು ಎಷ್ಟಕ್ಕೆ ಕೊಡುತ್ತೀರಿ ಅಂತ ಕೇಳಿದರೆ ಅದು ಲಿಸಿತಸಿಯೋನ್, ಅಂದರೆ ನಮ್ಮ ಟೆಂಡರ್. ಖರೀದಿ ವಿಭಾಗದಲ್ಲಿರುವ ನಿಮಗೆ ಈ ಎರಡನೆಯ ಗುಂಪಿನ ಪದಗಳೇ ದಿನಬೆಳಗಾದರೆ ಎದುರಾಗುವುದು. ಇವೆರಡರ ಮಧ್ಯೆ ಒಂದು ಜಾತಿ ಇದೆ, ಸುಬಾಸ್ತಾ ಇನ್ವೆರ್ಸಾ. ಕೊಳ್ಳುವವರು ಕೂತಿರುತ್ತಾರೆ, ಮಾರುವವರು ಪೈಪೋಟಿಯಲ್ಲಿ ಬೆಲೆ ಇಳಿಸುತ್ತಾ ಹೋಗುತ್ತಾರೆ. ಪೆರು, ಎಕ್ವಡಾರ್, ಕೊಲಂಬಿಯಾಗಳ ಸರ್ಕಾರಿ ಖರೀದಿಯಲ್ಲಿ ಇದು ಸಾಮಾನ್ಯ.

ಈಗ ದೇಶದ ವಿಷಯ. ಬೆಂಗಳೂರಿನವರು ಹರಾಜು ಅಂದರೆ ಹುಬ್ಬಳ್ಳಿ ಕಡೆಯವರು ಲಿಲಾವು ಅಂತಾರೆ, ಅಲ್ವಾ? ಸ್ಪ್ಯಾನಿಷ್‌ನಲ್ಲೂ ಹಾಗೇ ಆಗಿದೆ, ಆದರೆ ಸ್ವಲ್ಪ ಹುಷಾರಾಗಿರಬೇಕು. ಸುಬಾಸ್ತಾ ಎಲ್ಲ ಕಡೆ ಅರ್ಥವಾಗುತ್ತದೆ. ಅರ್ಜೆಂಟೀನಾ, ಚಿಲಿ, ಉರುಗ್ವೆ, ಮೆಕ್ಸಿಕೊ ಮುಂತಾದ ಕಡೆ ಅದೇ ಹರಾಜಿಗೆ ರೆಮಾತೆ ಅನ್ನುವ ಮಾತು ತುಂಬಾ ಬಳಕೆಯಲ್ಲಿದೆ. ಸ್ಪೇನಿನ ಕಾಗದದಲ್ಲಿ ಮಾತ್ರ ರೆಮಾತೆ ಅಂದರೆ ಸಾಮಾನ್ಯವಾಗಿ ಇಡೀ ಹರಾಜಲ್ಲ, ಅದರ ಕೊನೆಯ ಘಟ್ಟ. ಪ್ರೆಸಿಯೊ ದೆ ರೆಮಾತೆ ಅಂದರೆ ಸುತ್ತಿಗೆ ಬಿದ್ದಾಗ ನಿಂತ ಬೆಲೆ. ಇನ್ನು ಮೆಕ್ಸಿಕೊದ ಅಂಗಡಿ ಬಾಗಿಲಲ್ಲಿ ರೆಮಾತೆ ಅಂತ ಬೋರ್ಡ್ ಇದ್ದರೆ ಅದು ಹರಾಜೇ ಅಲ್ಲ, ಸರಕು ಖಾಲಿ ಮಾಡುವ ರಿಯಾಯಿತಿ ಮಾರಾಟ. ಫುಟ್‌ಬಾಲ್ ವೀಕ್ಷಕ ವಿವರಣೆಯಲ್ಲಿ ಕೇಳಿದರೆ ಗೋಲಿಗೆ ಹೊಡೆದ ಹೊಡೆತ.

ಹರಾಜು ಕೂಗುವವರ ಹೆಸರೂ ಊರಿಂದ ಊರಿಗೆ ಬದಲಾಗುತ್ತದೆ. ಸ್ಪೇನಿನಲ್ಲಿ ಸುಬಸ್ತಾದೋರ್. ಅರ್ಜೆಂಟೀನಾ ಮತ್ತು ಚಿಲಿಯಲ್ಲಿ ಮರ್ತಿಯೆರೊ, ಅಂದರೆ ಸುತ್ತಿಗೆಯವರು, ಉರುಗ್ವೆಯಲ್ಲಿ ರೆಮತಾದೋರ್. ಬ್ಯೂನಸ್ ಐರಿಸ್‌ನವರು ಈ ‘ಯ’ ಸದ್ದನ್ನು ‘ಶ’ದ ಹತ್ತಿರ ಎಳೆಯುತ್ತಾರೆ, ಮರ್ತಿಶೆರೊ ಅಂತ ಕೇಳಿಸುತ್ತದೆ. ಫೋನಿನಲ್ಲಿ ಮೊದಲ ಸಲ ಕೇಳಿದವರು ಇದ್ಯಾವ ಹೊಸ ಪದ ಅಂತ ನಿಘಂಟು ಹುಡುಕಬೇಕಾಗಿಲ್ಲ.

ಬಿಡ್‌ಗೆ ಬರೋಣ. ಪುಹಾ ಅಂದರೆ ಬಿಡ್, ನಮ್ಮ ಹಳ್ಳಿಗಳ ಹರಾಜಿನಲ್ಲಿ ಸವಾಲು ಅನ್ನುತ್ತೇವಲ್ಲ, ಅದು. ಪುಹಾರ್ ಅಂದರೆ ಬಿಡ್ ಮಾಡುವುದು. ಬರಹದಲ್ಲಿ ನೋಡಿದರೆ ನಮ್ಮ ಕಣ್ಣು ಅದನ್ನು ‘ಪೂಜಾ’ ಅಂತಲೇ ಓದಿಬಿಡುತ್ತದೆ, ಅದಕ್ಕೇ ಮೊದಲ ದಿನದಿಂದಲೇ ಬಾಯಿಬಿಟ್ಟು ಗಂಟಲಿನ ‘ಹ’ ಹಾಕಿ ಹೇಳಿ ರೂಢಿ ಮಾಡಿಕೊಳ್ಳಿ. ಸ್ಪೇನಿನಲ್ಲಿ ಇದೇ ಚಾಲ್ತಿ. ಲ್ಯಾಟಿನ್ ಅಮೆರಿಕದಲ್ಲಿ ಪುಹಾರ್‌ಗೆ ಹೆರಿಗೆಯ ಹೊತ್ತಿನಲ್ಲಿ ಮುಕ್ಕುವುದು ಅನ್ನುವ ಅರ್ಥವೂ ಇದೆ. ಆನ್‌ಲೈನ್ ಹರಾಜಿನಲ್ಲಿ ಅಲ್ಲಿಯವರೂ ಪುಹಾರ್ ಬಳಸುತ್ತಾರೆ, ತಪ್ಪೇನಿಲ್ಲ. ಆದರೆ ಮಾತಿನಲ್ಲಿ ಒಫೆರ್ತಾರ್ ಅಥವಾ ಅಸೆರ್ ಊನಾ ಒಫೆರ್ತಾ ಅನ್ನುವುದು ಅಲ್ಲಿ ಹೆಚ್ಚು ಸಲೀಸು. ಪೊಸ್ತುರಾ ಅನ್ನುವುದು ಕೋರ್ಟು ಕಚೇರಿಯ ಮಾತು. ಮೆಕ್ಸಿಕೊದ ನ್ಯಾಯಾಲಯದ ಹರಾಜಿನಲ್ಲಿ ಪೊಸ್ತುರಾ ಲೆಗಾಲ್ ಅಂತ ಬರುತ್ತದೆ, ಅಂದರೆ ಕಾನೂನು ಒಪ್ಪುವ ಕನಿಷ್ಠ ಬಿಡ್. ಬಿಡ್ ಮಾಡುವ ವ್ಯಕ್ತಿ ಪೊಸ್ತೋರ್. ಮೆಹೋರ್ ಪೊಸ್ತೋರ್ ಅಂದರೆ ಎಲ್ಲರಿಗಿಂತ ಜಾಸ್ತಿ ಕೂಗಿದವರು. ಈ ಜೋಡಿಯನ್ನು ಒಟ್ಟಿಗೇ ಕಲಿಯಿರಿ, ಪತ್ರಿಕೆಗಳಲ್ಲೂ ಬರುತ್ತಲೇ ಇರುತ್ತದೆ.

ಈಗ ಹರಾಜು ನಡೆಯುವ ಕ್ರಮದಲ್ಲೇ ಒಂದು ಸಲ ಹೋಗಿ. ಪದಗಳು ತಲೆಯಲ್ಲಿ ನಿಲ್ಲುವುದು ಹೀಗೇ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ, ಏಕೆಂದರೆ ಹರಾಜು ನಮಗೆ ಹೊಸದಲ್ಲ. ಗಣೇಶೋತ್ಸವದಲ್ಲಿ ದೇವರ ಹಾರ ಹರಾಜು ಹಾಕುವುದನ್ನು ನೋಡಿದವರಿಗೆ ಮುಂದೇನಾಗುತ್ತದೆ ಅಂತ ಮೊದಲೇ ಗೊತ್ತು. ಮಾರುವ ವಸ್ತು ಲೋತೆ. ಶುರುವಿನ ಬೆಲೆ ಪ್ರೆಸಿಯೊ ದೆ ಸಲೀದಾ, ಅಥವಾ ಪ್ರೆಸಿಯೊ ಬಾಸೆ. ಇದಕ್ಕಿಂತ ಕಡಿಮೆಗೆ ಬಿಡುವುದಿಲ್ಲ ಅಂತ ಮಾಲೀಕರು ಗುಟ್ಟಾಗಿ ಇಟ್ಟುಕೊಂಡ ಬೆಲೆ ಪ್ರೆಸಿಯೊ ದೆ ರೆಸೆರ್ವಾ. ಕೂಗುವವರು ಕೇಳುತ್ತಾರೆ: ಕಿಯೆನ್ ದಾ ಮಾಸ್? ಯಾರು ಜಾಸ್ತಿ ಕೊಡ್ತೀರಾ? ಆಮೇಲೆ ನಮ್ಮ ಒಂದು ಸಾರಿ, ಎರಡು ಸಾರಿ, ಮೂರು ಸಾರಿಯ ಜಾಗದಲ್ಲಿ: ಅ ಲಾ ಊನಾ, ಅ ಲಾಸ್ ದೋಸ್, ಅ ಲಾಸ್ ತ್ರೆಸ್. ಗಡಿಯಾರದ ಹೊತ್ತು ಹೇಳುವಾಗಿನ ರೂಪವೇ ಇದು. ಒಂದಕ್ಕೆ ಲಾ, ಎರಡರಿಂದ ಮುಂದೆ ಲಾಸ್, ಹಾಗಾಗಿ ನೀವು ಆಗಲೇ ಕಲಿತಿದ್ದೀರಿ. ಸುತ್ತಿಗೆ ಬಿತ್ತು: ಅದ್ಹುದಿಕಾದೊ! ವಸ್ತು ಇಂಥವರಿಗೆ ಸೇರಿತು ಅಂತ. ಯಾರೂ ಕೂಗದಿದ್ದರೆ ಲೋತೆ ದೆಸಿಯೆರ್ತೊ ಆಗುತ್ತದೆ. ದೆಸಿಯೆರ್ತೊ ಅಂದರೆ ಮರುಭೂಮಿ ಅಂತ ಕಲಿತಿರುತ್ತೀರಿ, ಇಲ್ಲಿ ಕೊಳ್ಳುವವರಿಲ್ಲದೆ ಉಳಿದದ್ದು. ಟೆಂಡರ್‌ಗೆ ಯಾರೂ ಬಾರದಿದ್ದರೂ ಇದೇ ಪದ.

ಒಂದು ನಿಜವಾದ ಸುದ್ದಿಯ ಮೇಲೆ ಇಷ್ಟನ್ನೂ ಹಾಕಿ ನೋಡೋಣ. 2021ರ ಏಪ್ರಿಲ್‌ನಲ್ಲಿ ಮ್ಯಾಡ್ರಿಡ್‌ನ ಅನ್ಸೊರೇನಾ ಹರಾಜು ಮನೆಯಲ್ಲಿ ಕ್ರಿಸ್ತನ ಒಂದು ಹಳೆಯ ಚಿತ್ರ ಮಾರಾಟಕ್ಕಿತ್ತು. ಕ್ಯಾಟಲಾಗ್ ಅದನ್ನು ಹದಿನೇಳನೇ ಶತಮಾನದ ಸ್ಪ್ಯಾನಿಷ್ ಚಿತ್ರಕಾರ ಹೊಸೆ ದೆ ರಿಬೆರಾ ಬಳಗದ ಕಲಾವಿದರ ಕೆಲಸ ಅಂದಿತ್ತು. ಪ್ರೆಸಿಯೊ ದೆ ಸಲೀದಾ 1.500 ಯೂರೊ. ಹರಾಜಿಗೆ ಮೊದಲೇ ತಜ್ಞರಿಗೆ ಇದು ಇಟಲಿಯ ಮಹಾನ್ ಚಿತ್ರಕಾರ ಕರವಾಜ್ಜೊ ಬಿಡಿಸಿದ್ದಿರಬಹುದು ಅನ್ನಿಸಿತು. ಚಿತ್ರವನ್ನು ಹರಾಜಿನಿಂದ ವಾಪಸ್ ಪಡೆದರು, ಸ್ಪೇನ್ ಸರ್ಕಾರ ಅದು ದೇಶ ಬಿಟ್ಟು ಹೋಗದಂತೆ ತಡೆಯಿತು. 2024ರಲ್ಲಿ ಪ್ರಾದೊ ಮ್ಯೂಸಿಯಂ ಅದನ್ನು ಕರವಾಜ್ಜೊ ಕೃತಿ ಅಂತಲೇ ಪ್ರದರ್ಶನಕ್ಕಿಟ್ಟಿತು. ಆ ದಿನಗಳ ಸ್ಪ್ಯಾನಿಷ್ ಪತ್ರಿಕೆಗಳಲ್ಲಿ ಈ ಸುದ್ದಿಯನ್ನು ಹುಡುಕಿ ಓದಿ. ಸುಬಾಸ್ತಾ, ಲೋತೆ, ಸಲೀದಾ, ಹಿಂತೆಗೆದದ್ದು ಅನ್ನುವ ರೆತಿರಾದೊ, ಇಂಥವರದ್ದು ಎನ್ನಲಾದ ಅನ್ನುವ ಅತ್ರಿಬುಯೀದೊ, ರಫ್ತು ಮಾಡುವಂತಿಲ್ಲ ಅನ್ನುವ ಇನೆಕ್ಸ್‌ಪೊರ್ತಾಬ್ಲೆ, ಎಲ್ಲವೂ ಒಂದೇ ಕಥೆಯೊಳಗೆ ಸಿಗುತ್ತವೆ. ಕಥೆ ನೆನಪಿದ್ದರೆ ಪದ ತಾನಾಗಿ ನೆನಪಿರುತ್ತದೆ.

ಮೇಲೆ ನಾನು 1.500 ಅಂತ ಚುಕ್ಕೆ ಹಾಕಿ ಬರೆದಿರುವುದು ಬೇಕಂತಲೇ. ಅದು ಒಂದೂವರೆ ಯೂರೊ ಅಲ್ಲ, ಸಾವಿರದ ಐನೂರು. ಸ್ಪೇನ್, ಚಿಲಿ, ಅರ್ಜೆಂಟೀನಾ, ಕೊಲಂಬಿಯಾಗಳಲ್ಲಿ ಸಾವಿರಕ್ಕೆ ಚುಕ್ಕೆ, ದಶಮಾಂಶಕ್ಕೆ ಅಲ್ಪವಿರಾಮ. ಮೆಕ್ಸಿಕೊದಲ್ಲಿ ನಮ್ಮ ಹಾಗೇ ದಶಮಾಂಶಕ್ಕೆ ಚುಕ್ಕೆ. ಜೊತೆಗೆ ಮೆಕ್ಸಿಕೊ, ಚಿಲಿ, ಕೊಲಂಬಿಯಾ, ಅರ್ಜೆಂಟೀನಾಗಳಲ್ಲಿ ಡಾಲರ್ ಗುರುತೇ ಪೆಸೊ ಗುರುತು. ಕಾಗದದಲ್ಲಿ ಆ ಗುರುತು ಕಂಡ ಕೂಡಲೇ ಡಾಲರ್ ಅಂತ ಎಕ್ಸೆಲ್‌ಗೆ ತುಂಬಿಸಿಬಿಟ್ಟರೆ ಕೆಲಸ ಕೆಟ್ಟಿತು ಅಂತಲೇ ಲೆಕ್ಕ.

ನನ್ನನ್ನು ಕೇಳಿದರೆ ಹರಾಜಿನ ಸ್ಪ್ಯಾನಿಷ್‌ನಲ್ಲಿ ಕಷ್ಟ ಇರುವುದು ಪದಗಳಲ್ಲಲ್ಲ, ಅಂಕಿಗಳಲ್ಲಿ. ಪದ ಮರೆತರೆ ಸಂದರ್ಭ ನೋಡಿ ಊಹಿಸಬಹುದು, ಅಂಕಿಯನ್ನು ಊಹಿಸಲಾಗದು. ನಮ್ಮ ಲಕ್ಷ, ಕೋಟಿ ಅಲ್ಲಿಲ್ಲ. ಒಂದು ಲಕ್ಷ ಅಂದರೆ ಸಿಯೆನ್ ಮಿಲ್, ನೂರು ಸಾವಿರ. ಹತ್ತು ಲಕ್ಷ ಉನ್ ಮಿಯೋನ್. ಒಂದು ಕೋಟಿ ದಿಯೆಸ್ ಮಿಯೋನೆಸ್. ನೂರು ಕೋಟಿ ಮಿಲ್ ಮಿಯೋನೆಸ್, ಅಂದರೆ ಸಾವಿರ ಮಿಲಿಯನ್. ಬಿಯೋನ್ ಅಂತ ಕೇಳಿದರೆ ಇಂಗ್ಲಿಷಿನ ಬಿಲಿಯನ್ ಅಂದುಕೊಳ್ಳಲೇಬೇಡಿ, ಸ್ಪ್ಯಾನಿಷ್‌ನ ಬಿಯೋನ್ ಅದರ ಸಾವಿರ ಪಟ್ಟು, ನಮ್ಮ ಲೆಕ್ಕದಲ್ಲಿ ಒಂದು ಲಕ್ಷ ಕೋಟಿ. ಕೊಲಂಬಿಯಾ, ಚಿಲಿಯ ಸರ್ಕಾರಿ ಯೋಜನೆಗಳ ಪೆಸೊ ಮೊತ್ತಗಳು ಇಷ್ಟು ದೊಡ್ಡದಾಗಿರುವುದು ಮಾಮೂಲಿ, ಹಾಗಾಗಿ ಇದು ಪರೀಕ್ಷೆಗೆ ಮಾತ್ರ ಬೇಕಾಗುವ ವಿಷಯ ಅಲ್ಲ.

ಅಭ್ಯಾಸಕ್ಕೆ ಐಪಿಎಲ್ ಹರಾಜಿಗಿಂತ ಒಳ್ಳೆಯ ಪಠ್ಯ ಬೆಂಗಳೂರಿನವರಿಗೆ ಸಿಗಲಾರದು. 2022ರ ಫೆಬ್ರವರಿ 12 ಮತ್ತು 13ರಂದು ಇಲ್ಲೇ ದೊಡ್ಡ ಹರಾಜು ನಡೆಯಿತು. ಮೊದಲ ದಿನವೇ ಹರಾಜು ಕೂಗುತ್ತಿದ್ದ ಹ್ಯೂ ಎಡ್ಮೀಡ್ಸ್ ಕುಸಿದು ಬಿದ್ದಾಗ ಚಾರು ಶರ್ಮಾ ಬಂದು ಮುಂದುವರಿಸಿದ್ದು ನೆನಪಿರಬಹುದು. ಅದರಲ್ಲಿ ಇಶಾನ್ ಕಿಶನ್ ಮೂಲ ಬೆಲೆ 2 ಕೋಟಿ, ಮುಂಬೈ ತಂಡ ಕೊಟ್ಟದ್ದು 15.25 ಕೋಟಿ. ಇದನ್ನು ಸ್ಪ್ಯಾನಿಷ್‌ಗೆ ತನ್ನಿ. ಪ್ರೆಸಿಯೊ ಬಾಸೆ, ಬೆಯಿಂತೆ ಮಿಯೋನೆಸ್ ದೆ ರೂಪಿಯಾಸ್, ಅಂದರೆ ಇಪ್ಪತ್ತು ಮಿಲಿಯನ್. ಕೊನೆಯ ಬೆಲೆ 152.5 ಮಿಲಿಯನ್: ಸಿಯೆಂತೊ ಸಿಂಕ್ವೆಂತಾ ಇ ದೋಸ್ ಮಿಯೋನೆಸ್ ಇ ಮೆದಿಯೊ. ಮೊದಮೊದಲು ಕಾಗದ ಪೆನ್ನು ಬೇಕಾಗುತ್ತದೆ. ಇನ್ನೊಬ್ಬರನ್ನು ಕೂರಿಸಿಕೊಂಡು ಅವರು ಕೋಟಿಯಲ್ಲಿ ಹೇಳಲಿ, ನೀವು ಮಿಯೋನೆಸ್‌ನಲ್ಲಿ ಉತ್ತರ ಕೊಡಿ. ಹರಾಜಿನ ಹಳೆಯ ವೀಡಿಯೊ ಹಾಕಿ, ಸದ್ದು ನಿಲ್ಲಿಸಿ, ನೀವೇ ಕೂಗಬಹುದು. ಯಾರೂ ಕೊಳ್ಳದ ಆಟಗಾರ ಬಂದಾಗ ದೆಸಿಯೆರ್ತೊ ಅನ್ನಲು ಮರೆಯಬೇಡಿ.

ಕಿವಿಗೂ ಕೆಲಸ ಕೊಡಬೇಕು. ಅರವತ್ತು ಸೆಸೆಂತಾ, ಎಪ್ಪತ್ತು ಸೆತೆಂತಾ. ವೇಗದಲ್ಲಿ ಎರಡೂ ಒಂದೇ ಥರ ಕೇಳಿಸುತ್ತವೆ. ಐನೂರು ಸಿಂಕೊಸಿಯೆಂತೋಸ್ ಅಲ್ಲ, ಕಿನಿಯೆಂತೋಸ್. ಏಳುನೂರು ಸೆತೆಸಿಯೆಂತೋಸ್, ಒಂಬೈನೂರು ನೊವೆಸಿಯೆಂತೋಸ್. ಹನ್ನೆರಡು ಲ್ಯಾಟಿನ್ ಅಮೆರಿಕದಲ್ಲಿ ಹೆಚ್ಚು ಕಡಿಮೆ ನಮ್ಮ ದೋಸೆ ಅಂತಲೇ ಕೇಳಿಸುತ್ತದೆ, ಸ್ಪೇನಿನಲ್ಲಿ ದೋಥೆ. ಎರಡು ದೋಸ್, ಹನ್ನೆರಡು ದೋಸೆ, ಕೊನೆಯ ಸ್ವರ ತಪ್ಪಿದರೆ ಬಿಡ್ ತಪ್ಪುತ್ತದೆ.

ಕೇಳಿ ಕಲಿಯಲು ಎರಡು ಜಾಗ ಹೇಳುತ್ತೇನೆ. ಒಂದು, ಪ್ರತಿ ವರ್ಷ ಡಿಸೆಂಬರ್ 22ರಂದು ನಡೆಯುವ ಸ್ಪೇನಿನ ಕ್ರಿಸ್ಮಸ್ ಲಾಟರಿ. ಸಾನ್ ಇಲ್ದೆಫೋನ್ಸೊ ಶಾಲೆಯ ಮಕ್ಕಳು ಐದಂಕಿಯ ಸಂಖ್ಯೆಗಳನ್ನು ಒಂದಾದ ಮೇಲೊಂದು ರಾಗವಾಗಿ ಹಾಡುತ್ತಾರೆ, ಪ್ರತಿ ಸಂಖ್ಯೆಗೂ ಬಹುಮಾನದ ಮೊತ್ತ ಸೇರಿಸಿ. ಗಂಟೆಗಟ್ಟಲೆ ಅಂಕಿಗಳೇ. ವೀಡಿಯೊ ಹಾಕಿಕೊಂಡು ಸಂಖ್ಯೆ ಬರೆದುಕೊಳ್ಳುತ್ತಾ ಹೋಗಿ, ಪರದೆಯ ಮೇಲೆ ತೋರಿಸುವುದರ ಜೊತೆ ತಾಳೆ ನೋಡಿ. ಇನ್ನೊಂದು, ಅರ್ಜೆಂಟೀನಾ ಮತ್ತು ಉರುಗ್ವೆಯ ದನದ ಹರಾಜುಗಳು. ನೇರ ಪ್ರಸಾರ ಇರುತ್ತದೆ. ಅಲ್ಲಿಯ ರೆಮತಾದೋರ್ ಉಸಿರು ಬಿಡದೆ ಕೂಗುತ್ತಾರೆ, ಮೊದಲಿಗೆ ಒಂದಕ್ಷರವೂ ಸಿಗುವುದಿಲ್ಲ, ಪರವಾಗಿಲ್ಲ. ಅರ್ಜೆಂಟೀನಾದ ಹಳ್ಳಿಗಾಡಿನಲ್ಲಿ ಅಸಿಯೆಂದಾ ಅಂದರೆ ದನಕರು ಅಂತ ಮಾತ್ರ ತಿಳಿದಿರಲಿ, ಸ್ಪೇನಿನಲ್ಲಿ ಅದೇ ಪದ ತೆರಿಗೆ ಇಲಾಖೆಯನ್ನು ಸೂಚಿಸುತ್ತದೆ.

ಬೆಲೆ ಏರುವ ಹರಾಜು ಸುಬಾಸ್ತಾ ಅಲ್ ಆಲ್ಸಾ. ಇಳಿಯುವುದು ಅ ಲಾ ಬಾಹಾ, ಸುಬಾಸ್ತಾ ಓಲಂದೇಸಾ ಅಂತಲೂ ಹೇಳುತ್ತಾರೆ. ಹೆಬ್ಬಾಳದ ಅಂತರರಾಷ್ಟ್ರೀಯ ಹೂವಿನ ಹರಾಜು ಕೇಂದ್ರದಲ್ಲಿ ನಡೆಯುವುದು ಈ ಡಚ್ ಪದ್ಧತಿಯೇ. ಗಡಿಯಾರದಂಥ ಫಲಕದಲ್ಲಿ ಬೆಲೆ ಇಳಿಯುತ್ತಾ ಬರುತ್ತದೆ, ಮೊದಲು ಗುಂಡಿ ಒತ್ತಿದವರಿಗೆ ಗುಲಾಬಿ. ಸ್ಪೇನಿನ ಮೀನು ಹರಾಜು ಕಟ್ಟೆಗಳಲ್ಲೂ ಹೀಗೇ. ಅದಕ್ಕೆ ಲೋನ್ಹಾ ಅನ್ನುತ್ತಾರೆ, ಅಸ್ತೂರಿಯಾಸ್ ಕಡೆ ರೂಲಾ.

ಇನ್ನು ನಿಮ್ಮ ದಿನದ ಕೆಲಸದ ಟೆಂಡರ್ ಪದಗಳು. ಷರತ್ತುಗಳ ದಾಖಲೆಗೆ ಸ್ಪೇನ್ ಮತ್ತು ಕೊಲಂಬಿಯಾದಲ್ಲಿ ಪ್ಲಿಯೆಗೊ, ಚಿಲಿಯಲ್ಲಿ ಬಾಸೆಸ್. ಬಿಡ್ ಸಲ್ಲಿಸುವವರು ಸ್ಪೇನಿನಲ್ಲಿ ಲಿಸಿತಾದೋರ್, ಚಿಲಿಯಲ್ಲಿ ಒಫೆರೆಂತೆ, ಕೊಲಂಬಿಯಾದಲ್ಲಿ ಪ್ರೊಪೊನೆಂತೆ. ಟೆಂಡರ್ ಹಾಕುವಾಗ ಕಟ್ಟುವ, ನಾವು ಇಎಂಡಿ ಅನ್ನುವ ಠೇವಣಿಗೆ ಚಿಲಿ ಮತ್ತು ಕೊಲಂಬಿಯಾದಲ್ಲಿ ಗರಂತೀಯಾ ದೆ ಸೆರಿಯೆದಾದ್ ದೆ ಲಾ ಒಫೆರ್ತಾ, ಬಿಡ್ ಮಾಡಿದವರು ನಡುವೆ ಕೈಕೊಡುವುದಿಲ್ಲ ಅನ್ನುವುದಕ್ಕೆ ಭದ್ರತೆ. ಬಿಡ್‌ಗೆ ಮೊದಲಿನ ಪ್ರಶ್ನೋತ್ತರ ಸಭೆ ಮೆಕ್ಸಿಕೊದಲ್ಲಿ ಹುಂತಾ ದೆ ಅಕ್ಲರಸಿಯೋನೆಸ್. ಅಲ್ಲೇ ಕೊನೆಯ ತೀರ್ಮಾನಕ್ಕೆ ಫಾಯೊ ಅನ್ನುತ್ತಾರೆ. ಸಾಧಾರಣ ಮಾತಿನಲ್ಲಿ ಫಾಯೊ ಅಂದರೆ ದೋಷ, ಕೆಟ್ಟು ಹೋದದ್ದು. ಹಾಗಾಗಿ ಇಮೇಲ್‌ನಲ್ಲಿ ಫಾಯೊ ನೋಡಿ ಸಿಸ್ಟಂ ಕೈಕೊಟ್ಟಿತು ಅಂತ ಐಟಿಯವರಿಗೆ ಟಿಕೆಟ್ ಹಾಕಬೇಡಿ, ಟೆಂಡರ್ ಯಾರಿಗೆ ಸಿಕ್ಕಿದೆ ಅಂತ ಓದಿ. ಬೇರೆ ದೇಶಗಳಲ್ಲಿ ಇದಕ್ಕೆ ಅದ್ಹುದಿಕಸಿಯೋನ್, ಸುತ್ತಿಗೆ ಬಿದ್ದಾಗ ಕೂಗುವ ಅದ್ಹುದಿಕಾದೊದ ನೆಂಟ.

ದಾರಿ ತಪ್ಪಿಸುವ ಇನ್ನೊಂದು ಪದ ಎಂಬಾರ್ಗೊ. ಆಸ್ತಿ ಹರಾಜಿನ ಕಾಗದದಲ್ಲಿ ಅದರ ಅರ್ಥ ವ್ಯಾಪಾರ ನಿರ್ಬಂಧ ಅಲ್ಲ, ಸಾಲಕ್ಕಾಗಿ ಆಸ್ತಿ ಜಪ್ತಿ. ಕಾರ್ಗಾಸ್ ಅಂದರೆ ಆ ಆಸ್ತಿಯ ಮೇಲಿರುವ ಸಾಲ, ಋಣಭಾರ. ನಾವು ಸೈಟ್ ಕೊಳ್ಳುವಾಗ ಇಸಿ, ಅಂದರೆ ಋಣಭಾರ ಪತ್ರ ತೆಗೆಸಿ ನೋಡುವುದು ಇದನ್ನೇ. ಲಿಬ್ರೆ ದೆ ಕಾರ್ಗಾಸ್ ಅಂತಿದ್ದರೆ ಋಣ ಇಲ್ಲ.

ಓದುವ ಅಭ್ಯಾಸಕ್ಕೆ ಸ್ಪೇನಿನ ಸರ್ಕಾರಿ ಗೆಜೆಟ್ ಬಿಒಇಯ ಹರಾಜು ಪೋರ್ಟಲ್ ತೆರೆಯಿರಿ. ಪುಕ್ಕಟೆ. ಮನೆ, ಗ್ಯಾರೇಜು, ಕಾರು, ಹೊಲ, ಏನು ಬೇಕಾದರೂ ಸಿಗುತ್ತದೆ. ಒಂದು ನೋಟಿಸ್ ತೆಗೆದುಕೊಂಡು ಸಾಲು ಸಾಲಾಗಿ ಓದಿ. ವಲೋರ್ ದೆ ಸುಬಾಸ್ತಾ ಹರಾಜಿಗಿಟ್ಟ ಮೌಲ್ಯ, ತಸಸಿಯೋನ್ ಅಂದಾಜು ಬೆಲೆ, ಮೆಕ್ಸಿಕೊದಲ್ಲಾದರೆ ಅದು ಅವಲೂವೊ. ದೆಪೋಸಿತೊ ಮುಂಗಡ ಠೇವಣಿ. ತ್ರಾಮೋಸ್ ಎಂತ್ರೆ ಪುಹಾಸ್ ಅಂದರೆ ಒಂದು ಬಿಡ್‌ನಿಂದ ಇನ್ನೊಂದಕ್ಕೆ ಏರಿಸಬೇಕಾದ ಮೊತ್ತ. ಎಲ್ಲ ನೋಟಿಸ್‌ಗಳ ಚೌಕಟ್ಟು ಒಂದೇ, ಹಾಗಾಗಿ ನಾಲ್ಕೈದು ಓದುವಷ್ಟರಲ್ಲಿ ನಿಘಂಟು ಬೇಕೆನಿಸುವುದಿಲ್ಲ. ಚಿಲಿಯ ಕೆಲಸ ಇರುವವರು ಇದೇ ರೀತಿ ಅಲ್ಲಿಯ ಸರ್ಕಾರಿ ಖರೀದಿಯ ಮೆರ್ಕಾದೊ ಪೂಬ್ಲಿಕೊ ಪೋರ್ಟಲ್ ನೋಡಿ.

ಕೊನೆಗೆ ಗಡುವಿನ ಪದಗಳು, ಇವನ್ನು ಇವತ್ತೇ ಕಲಿಯಿರಿ. ಪ್ಲಾಸೊ ಅಂದರೆ ಗಡುವು, ಸಿಯೆರ್ರೆ ಮುಕ್ತಾಯ. ದೀಯಾಸ್ ಆಬಿಲೆಸ್ ಕೆಲಸದ ದಿನಗಳು. ರಜೆಯೂ ಸೇರಿ ಎಲ್ಲ ದಿನ ಎಣಿಸುವುದಾದರೆ ಸ್ಪೇನಿನಲ್ಲಿ ದೀಯಾಸ್ ನತುರಾಲೆಸ್, ಚಿಲಿ ಮತ್ತು ಅರ್ಜೆಂಟೀನಾದಲ್ಲಿ ದೀಯಾಸ್ ಕೊರ್ರೀದೊಸ್. ಸ್ಪೇನಿನ ಸರ್ಕಾರಿ ಆಡಳಿತದಲ್ಲಿ 2016ರಿಂದ ಶನಿವಾರ ಆಬಿಲ್ ದಿನ ಅಲ್ಲ. ಓರಾ ಪೆನಿನ್ಸುಲಾರ್ ಅಂದರೆ ಸ್ಪೇನಿನ ಮುಖ್ಯ ಭೂಭಾಗದ ಸಮಯ, ಕ್ಯಾನರಿ ದ್ವೀಪಗಳು ಅದಕ್ಕಿಂತ ಒಂದು ಗಂಟೆ ಹಿಂದೆ. ಮ್ಯಾಡ್ರಿಡ್‌ನಲ್ಲಿ ಮಧ್ಯಾಹ್ನ 2 ಗಂಟೆ ಅಂದರೆ ನಮಗೆ ಚಳಿಗಾಲದಲ್ಲಿ ಸಂಜೆ 6.30, ಅವರ ಬೇಸಿಗೆಯಲ್ಲಿ 5.30. ಮೆಕ್ಸಿಕೊ ಸಿಟಿಯಲ್ಲಿ ಮಧ್ಯಾಹ್ನ 12 ಆದಾಗ ಇಲ್ಲಿ ರಾತ್ರಿ 11.30. ಅನುಮಾನ ಬಂದರೆ ಈ ಒಂದು ವಾಕ್ಯ ಬರೆದು ಕಳಿಸಿ, ಎಲ್ಲ ದೇಶದಲ್ಲೂ ನಡೆಯುತ್ತದೆ: ಆಸ್ತಾ ಕೆ ಓರಾ ಸೆ ರೆಸಿಬೆನ್ ಒಫೆರ್ತಾಸ್? ಎಷ್ಟು ಗಂಟೆವರೆಗೆ ಬಿಡ್ ತಗೊಳ್ತೀರಾ ಅಂತ.